ಚಿಕ್ಕ ಗೇರಿನ ದೊಡ್ಡ ದಿನ

ಕನ್ನಡಕದಂಗಡಿಯವನು ಆ ಗಾಡಿ ಕೊಂಡು ವರ್ಷವಾಗುತ್ತ ಬಂದಿತ್ತು. ಅದರ ಚಿಕ್ಕ ಗೇರನ್ನು ಮಾತ್ರ ಅವನು ಒಮ್ಮೆಯೂ ಎಳೆದು ನೋಡಿರಲಿಲ್ಲ. ಹಾಗೆಂದು ಅದನ್ನು ಕಡೆಗಣಿಸಿದ್ದ ಎಂದಲ್ಲ. ದಿನಾ ಬೆಳಿಗ್ಗೆ, ಅಂಗಡಿಯಲ್ಲಿ ಗಾಜು ಒರೆಸುವ ಮೆತ್ತನೆಯ ಹಳದಿ ಬಟ್ಟೆಯಿಂದಲೇ ಅದರ ಗುಂಡು ತಲೆಯನ್ನು ಒರೆಸಿ ಫಳಫಳ ಮಾಡಿ, ಆಮೇಲೆ ಹೊರಡುತ್ತಿದ್ದ.

ಗಾಡಿ ಸೆಕೆಂಡ್ ಹ್ಯಾಂಡು. ಆದರೂ ಠೀವಿಗೆ ಕೊರತೆಯಿರಲಿಲ್ಲ. ಎತ್ತರದ ಮೈ, ದಪ್ಪ ಟೈರು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ. ಕ್ಲಚ್ಚಿನ ರಗಳೆಯಿಲ್ಲದ ಆಟೋಮ್ಯಾಟಿಕ್. ಸೀಟಿನ ಪಕ್ಕದಲ್ಲಿ ಅಣ್ಣತಮ್ಮಂದಿರ ಹಾಗೆ ಎರಡು ಗೇರುಕೋಲುಗಳು ನಿಂತಿದ್ದವು. ದೊಡ್ಡದನ್ನು ‘ಡಿ’ಗೆ ಎಳೆದು ಕಾಲು ಒತ್ತಿದರೆ ಗಾಡಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬೆಣ್ಣೆಯಂಥ ಡಾಂಬರಿನ ಮೇಲೆ ಹೋಗಿ ಬರುತ್ತಿತ್ತು. ಚಿಕ್ಕದಕ್ಕೆ ಉಂಡು ಮಲಗುವುದೊಂದೇ ಕೆಲಸ.

“ರೀ, ಆ ಪುಟಾಣಿ ಕೋಲು ಯಾತಕ್ಕೆ?” ಎಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಕೇಳಿದ್ದಳು.

“ಅದು ಲೋ ರೇಂಜು. ಕೆಸರು, ಬಂಡೆ, ಕಡಿದಾದ ಗುಡ್ಡ, ಇಂಥ ಕಡೆ ಹಾಕೋದು. ಎಂಜಿನ್ ಜೋರಾಗಿ ತಿರುಗುತ್ತೆ, ಚಕ್ರ ನಿಧಾನಕ್ಕೆ ತಿರುಗುತ್ತೆ. ಆನೆ ಬಲ ಬರುತ್ತೆ.”

“ಸದ್ದು ಜೋರು, ಸಾಗೋದು ನಿಧಾನ. ಭಾನುವಾರ ನೀವು ಸ್ನಾನಕ್ಕೆ ಹೊರಡೋ ಥರ ಅನ್ನಿ.”

ಅವನು ಅದಕ್ಕೆಲ್ಲ ಜಗ್ಗುವವನಲ್ಲ. ಊಟ ಮಾಡುತ್ತ, ಹಲ್ಲುಜ್ಜುತ್ತ, ಫೋನಿನಲ್ಲಿ ಗುಡ್ಡ ಹತ್ತುವ ಗಾಡಿಗಳ ವಿಡಿಯೋ ನೋಡಿ ನೋಡಿ ವಿದ್ಯೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಗಾಡಿ ಪೂರ್ತಿ ನಿಲ್ಲಬೇಕು. ಬ್ರೇಕಿನ ಮೇಲೆ ಕಾಲಿರಬೇಕು. ದೊಡ್ಡ ಗೇರು ‘ಎನ್’ಗೆ ಬರಬೇಕು. ಆಮೇಲೆ ಚಿಕ್ಕದನ್ನು ಹಿಂದುಮುಂದು ನೋಡದೆ ಒಂದೇ ಎಳೆತಕ್ಕೆ ‘ಎಲ್’ಗೆ ತರಬೇಕು. ಅಂಗಡಿಗೆ ಕಣ್ಣು ತೋರಿಸಲು ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತ ‘ಎಲ್’ ಅಂದರೆ ಸಾಕು, ಅವರಿಗೂ ಈ ಪಾಠ ಗ್ಯಾರಂಟಿ. ಪಾಪ, ಪರೀಕ್ಷೆಯ ಭಾರದ ಕನ್ನಡಕ ಮೂಗಿಗೇರಿಸಿಕೊಂಡು ಕೂತವರು ಎದ್ದು ಹೋಗುವ ಹಾಗೂ ಇಲ್ಲ.

ಕೊನೆಗೂ ಚಿಕ್ಕ ಗೇರಿಗೆ ಕೆಲಸ ಬಂದದ್ದು ಒಂದು ಗೊಂಬೆಯಿಂದ.

ಹೆಂಡತಿಯ ಚಿಕ್ಕಮ್ಮ ಟೈಲರ್. ಊರಾಚೆಯ ಗುಡ್ಡದ ನೆತ್ತಿಯ ಹತ್ತಿರ ಹೊಸದಾಗಿ ಮನೆ ಮಾಡಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಬಾಗಿಲು ಮುಚ್ಚುತ್ತಿದ್ದ ಯಾವುದೋ ಬಟ್ಟೆ ಅಂಗಡಿಯವರು ಆಕೆಗೆ ಆಳೆತ್ತರದ ಹೆಣ್ಣು ಗೊಂಬೆಯೊಂದನ್ನು ಕೊಟ್ಟಿದ್ದರು. ಅದನ್ನು ಮೇಲೆ ಸಾಗಿಸಲು ಬಂದ ವ್ಯಾನಿನವನು ಗುಡ್ಡದ ಕಾಲುದಾರಿಯಂಥ ಮಣ್ಣು ರಸ್ತೆ ನೋಡಿ, “ಇದು ರಸ್ತೆ ಅಲ್ಲ, ಏಣಿ” ಎಂದು ಗೊಂಬೆಯನ್ನು ಆಕೆಯ ಅಕ್ಕನ ಮನೆಯಲ್ಲೇ ಇಳಿಸಿ ಹೊರಟುಹೋಗಿದ್ದ.

ಆ ಅಕ್ಕ ಎಂದರೆ ನಮ್ಮವನ ಅತ್ತೆ. ಪ್ರಾಥಮಿಕ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತಿಯಾದವರು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ಅವರ ಎದುರು ವಾಕ್ಯ ಅರ್ಧಕ್ಕೆ ಬಿಟ್ಟರೆ ಬಸ್ ಕಂಡಕ್ಟರನಿಗೂ ಬಿಡುಗಡೆಯಿರಲಿಲ್ಲ.

“ಅಳಿಯಂದ್ರೇ, ನಿಮ್ಮ ಗಾಡಿ ಗುಡ್ಡ ಹತ್ತುತ್ತಾ?” ಎಂದು ಅವರು ಫೋನಿನಲ್ಲಿ ಕೇಳಿದಾಗ ಅಳಿಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಹತ್ತುತ್ತಾ ಅಂತೀರಲ್ಲ ಅತ್ತೆ! ಅದು ಹುಟ್ಟಿರೋದೇ ಹತ್ತೋಕೆ!”

ಭಾನುವಾರ ಅವನು ಯಾರೂ ಎಬ್ಬಿಸದೆ ಎದ್ದು, ಹೆಂಡತಿ ಬೆರಗಾಗುವ ಹಾಗೆ ಸ್ನಾನ ಮುಗಿಸಿ, ಅತ್ತೆಯ ಮನೆ ಮುಂದೆ ಗಾಡಿ ತಂದು ನಿಲ್ಲಿಸಿದ. ಗೊಂಬೆ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದರೆ ಅತ್ತೆಗೆ, ಹೆಂಡತಿಗೆ ಜಾಗವಿಲ್ಲ. ಕಡೆಗೆ ಅದರ ಕಾಲುಗಳನ್ನು ಕಳಚಿ ಡಿಕ್ಕಿಗೆ ಹಾಕಿ, ಉಳಿದ ಭಾಗವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದದ್ದಾಯಿತು.

“ಹೀಗೆ ಬರಿಮೈಯಲ್ಲಿ ಊರೆಲ್ಲ ಮೆರವಣಿಗೆ ಮಾಡ್ಸೋದಾ? ಚೆನ್ನಾಗಿರಲ್ಲ,” ಎಂದು ಅತ್ತೆ ಒಳಗೆ ಹೋಗಿ ತಮ್ಮ ನೀಲಿ ಕೋಟು, ಚುಕ್ಕಿ ಸ್ಕಾರ್ಫು ತಂದು ಗೊಂಬೆಗೆ ತೊಡಿಸಿದರು. ಅದು ನೆಟ್ಟಗೆ ಕೂತು, ತುಟಿಯಲ್ಲಿ ತಿಳಿಯಾದ ಒಂದು ತಿರಸ್ಕಾರ ಇಟ್ಟುಕೊಂಡು, ಮುಂದಿನ ಗಾಜಿನಾಚೆ ನೋಡತೊಡಗಿತು. ದಾರಿಯಲ್ಲಿ ಸಿಗ್ನಲ್ಲಿನ ಪೊಲೀಸಿನವನು ಅದಕ್ಕೊಂದು ಸಣ್ಣ ನಮಸ್ಕಾರವನ್ನೂ ಮಾಡಿದ.

ಗುಡ್ಡದ ಬುಡದಲ್ಲಿ ಡಾಂಬರು ಮುಗಿಯಿತು. ಅವನು ಗಾಡಿ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಈಗ ನೋಡಿ. ಬ್ರೇಕು. ದೊಡ್ಡ ಗೇರು ಎನ್. ಈಗ ಚಿಕ್ಕದು...”

ಚಿಕ್ಕದು ಜಪ್ಪಯ್ಯ ಅನ್ನಲಿಲ್ಲ. ಇಷ್ಟು ದಿನ ಒರೆಸಿಕೊಂಡು ಸುಖವಾಗಿದ್ದ ಅದಕ್ಕೆ ಸೇವೆ ಮಾಡುವ ಮನಸ್ಸಿರಲಿಲ್ಲ. ಅವನು ಎರಡೂ ಕೈ ಹಾಕಿ ಹಲ್ಲು ಕಚ್ಚಿ ಎಳೆದ. ಕಟಾರ್ ಎಂದು ಸದ್ದಾಗಿ, ಮೀಟರಿನ ಪಕ್ಕ ‘ಎಲ್’ ಎಂಬ ಹಸಿರು ದೀಪ ಹತ್ತಿತು. ಅವನ ಮುಖದಲ್ಲೂ ಹತ್ತಿತು. ದೊಡ್ಡ ಗೇರನ್ನೂ ಅದರ ‘ಎಲ್’ಗೇ ತಂದು ಬ್ರೇಕಿನಿಂದ ಕಾಲೆತ್ತಿದ. ಎಂಜಿನ್ ಹೂಂಕರಿಸಿತು. ಗಾಡಿ ಏರು ಹತ್ತತೊಡಗಿತು.

ಎಂಥ ಹತ್ತುವಿಕೆ ಅದು! ಕಲ್ಲಿನ ಮೇಲೆ ಕಾಲಿಟ್ಟು ಯೋಚಿಸಿ ಇನ್ನೊಂದು ಕಲ್ಲಿನ ಮೇಲೆ ಕಾಲಿಡುವ ಹಾಗೆ, ಎಲ್ಲೂ ಜಾರದೆ, ಎಲ್ಲೂ ಜರ್ಕು ಹೊಡೆಯದೆ, ಕೊರಕಲುಗಳನ್ನು ದಾಟುತ್ತ ಗಾಡಿ ಸಾಗಿತು. ವೇಗ ಮಾತ್ರ ಬಸುರಿ ಹೆಂಗಸಿನ ಸಂಜೆಯ ನಡಿಗೆಯಷ್ಟು.

“ರೀ, ನಾನು ಇಳಿದು ನಡ್ಕೊಂಡು ಹೋಗ್ಲಾ? ಚಿಕ್ಕಮ್ಮನಿಗೆ ಮುಂಚೆ ಹೋಗಿ ಟೀಗಿಡೋಕೆ ಹೇಳ್ತೀನಿ,” ಎಂದಳು ಹೆಂಡತಿ.

ಅವನು ನಿಲ್ಲಿಸಬೇಕಾಗಿಯೂ ಬರಲಿಲ್ಲ. ಅವಳು ಬಾಗಿಲು ತೆಗೆದು ಇಳಿದು, ಮತ್ತೆ ಮುಚ್ಚಿ, ಪಕ್ಕದಲ್ಲೇ ಸ್ವಲ್ಪ ದೂರ ನಡೆದು, ಬೇಸರವಾಗಿ ಮುಂದೆ ಹೋಗಿ ತಿರುವಿನಲ್ಲಿ ಕಣ್ಮರೆಯಾದಳು. ಹಿಂದಿನ ಸೀಟಿನಲ್ಲಿ ಅತ್ತೆ ಚಪ್ಪಲಿ ಕಳಚಿ, ಕಾಲು ಮಡಚಿ ಕೂತು, ಗುಡ್ಡದ ಗಾಳಿಗೆ ತೂಕಡಿಸತೊಡಗಿದರು. ಅವನಿಗೆ ಯಾರ ಹಂಗೂ ಇರಲಿಲ್ಲ. ಪಕ್ಕದ ಗೊಂಬೆಗೇ, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುವ ಎಂಜಿನ್ ಬ್ರೇಕಿಂಗ್ ಎಂದರೇನೆಂದು ವಿವರಿಸುತ್ತ ಗೇಟಿನವರೆಗೆ ಬಂದ.

ಅಲ್ಲಿಂದ ಕೆಲಸ ಕೆಟ್ಟಿತು.

ಚಿಕ್ಕಮ್ಮನ ಅಂಗಳಕ್ಕೆ ಹಾಸುಗಲ್ಲು ಹಾಕಿದ್ದರು. ಗಟ್ಟಿ ನೆಲದಲ್ಲಿ ಲೋ ರೇಂಜಿನಲ್ಲಿ ತಿರುಗಿಸಿದರೆ ಚಕ್ರಕ್ಕೂ ಚಕ್ರಕ್ಕೂ ಜಗಳ ಬೀಳುತ್ತದೆಂದು ವಿಡಿಯೋದಲ್ಲಿ ಹೇಳಿದ್ದು ಅವನಿಗೆ ನೆನಪಾಯಿತು. ಗೇಟಿನ ಹೊರಗೇ ನಿಂತು, ಶಿಸ್ತಾಗಿ ಬ್ರೇಕು ಒತ್ತಿ, ದೊಡ್ಡದನ್ನು ‘ಎನ್’ಗೆ ತಂದು, ಚಿಕ್ಕದನ್ನು ಮುಂದಕ್ಕೆ ನೂಕಿದ. ಕಟ್ ಎಂದಿತು. ಹಸಿರು ದೀಪ ಆರಿತು. ಸರಿ, ಮಾಮೂಲಿ ಓಟದ ‘ಎಚ್’ಗೆ ಬಂತು ಎಂದುಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ, ಚಿಕ್ಕಮ್ಮ ಕಾಣಿಸಿಕೊಂಡರು. ಚಿಕ್ಕಮ್ಮ ಚಪ್ಪಾಳೆ ತಟ್ಟುತ್ತ, “ಅಯ್ಯೋ, ಬಂದೇಬಿಟ್ಟಿತಲ್ಲಪ್ಪ ಗಾಡಿ!” ಎಂದಳು. ಮೆಚ್ಚುಗೆಯ ಮಾತು ಕಿವಿಗೆ ಬಿದ್ದ ಮೇಲೆ ಸೀಟಿನಲ್ಲಿ ಕೂತಿರುವುದು ಯಾರಿಂದ ಸಾಧ್ಯ? ಅವನು ದೊಡ್ಡ ಗೇರನ್ನು ಗಾಡಿ ನಿಲ್ಲಿಸುವ ‘ಪಿ’ಗೆ ತಳ್ಳಿದ. ಗಾಡಿ ಒಂದಿಷ್ಟು ತೂಗಿ, ಹಿಂದಿನ ಚಕ್ರ ಒಂದು ಕಲ್ಲಿನ ಅಂಚಿಗೆ ತಾಗಿ ನಿಂತಿತು. ‘ಪಿ’ ಹಾಕಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದು ಅಂಜುಬುರುಕರ ಕೆಲಸ ಎಂಬುದು ಅವನ ನಂಬಿಕೆ. ಎಂಜಿನ್ನನ್ನೂ ಆರಿಸದೆ ಧುಮುಕಿ ಇಳಿದ.

“ನೋಡಿದ್ರಾ ಚಿಕ್ಕಮ್ಮ, ಒಂದು ಕಡೇನೂ ಜಾರಲಿಲ್ಲ. ಯಾಕೆ ಗೊತ್ತಾ...”

ಹಿಂದಿನ ಸೀಟಿನಲ್ಲಿ ಅತ್ತೆಗೆ ಎಚ್ಚರವಾಯಿತು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತು, ಇನ್ನೊಂದು ಸೀಟಿನಡಿ ಸೇರಿತ್ತು. ಅವರು ಬಗ್ಗಿ, ಕೈ ಚಾಚಿ, ಇನ್ನೂ ಬಗ್ಗಿ, ಒಮ್ಮೆ ಬಲವಾಗಿ ಆ ಕಡೆಯಿಂದ ಈ ಕಡೆಗೆ ಸರಿದರು. ಗಾಡಿ ಅಲ್ಲಾಡಿತು. ಹಿಂದಿನ ಚಕ್ರ ಕಲ್ಲಿನ ಅಂಚನ್ನು ಹತ್ತಿ ಇಳಿಯಿತು. ಆಮೇಲೆ ಗಾಡಿ, ಮದುವೆಮನೆಯಿಂದ ಹೇಳದೆ ಜಾಗ ಖಾಲಿ ಮಾಡುವ ನೆಂಟನ ಹಾಗೆ, ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

“ಯಾಕಂದ್ರೆ ಲೋ ರೇಂಜಲ್ಲಿ ಗಾಡಿ ನಮ್ಮ ಹಿಡಿತದಲ್ಲೇ ಇರುತ್ತೆ,” ಎನ್ನುತ್ತಿದ್ದ ಅವನು.

“ರೀ, ಅಮ್ಮ ಯಾಕೆ ವಾಪಸ್ ಹೋಗ್ತಿದಾಳೆ?” ಎಂದಳು ಹೆಂಡತಿ.

ತಿರುಗಿ ನೋಡಿದ. ಗಾಡಿ ದೂರವಾಗುತ್ತಿತ್ತು. ಮುಂದಿನ ಸೀಟಿನಲ್ಲಿ ನೀಲಿ ಕೋಟಿನಾಕೆ ಅವನನ್ನೇ ತಿರಸ್ಕಾರದಿಂದ ನೋಡುತ್ತಿದ್ದಳು. ಹಿಂದಿನಿಂದ ಅತ್ತೆ ತಲೆ ಎತ್ತಿ, ತಂಗಿಯನ್ನು ಕಂಡು ಸಂತೋಷದಿಂದ ಕೈ ಬೀಸಿದರು.

ಅವನು ಓಡಿದ. ಏದುಸಿರು ಬಿಡುತ್ತ ಕಿಟಕಿಯ ಹತ್ತಿರ ಬಂದು, ಬಾಗಿಲ ಹಿಡಿಗೆ ಕೈ ಹಾಕುವ ಬದಲು ಪಕ್ಕದ ಕನ್ನಡಿಗೆ ಕೈ ಹಾಕಿದ. ಕನ್ನಡಿ ಮಡಚಿಕೊಂಡು ಅವನನ್ನು ಕೈಬಿಟ್ಟಿತು.

“ಅತ್ತೇ! ಬ್ರೇಕು! ಬ್ರೇಕು ಒತ್ತಿ!”

“ಹಿಂದಿನ ಸೀಟಲ್ಲಿ ಬ್ರೇಕ್ ಎಲ್ಲಿರುತ್ತೆ ಅಳಿಯಂದ್ರೇ?” ಎಂದು ಅತ್ತೆ ನಿಜವಾದ ಕುತೂಹಲದಿಂದ ಕೇಳಿದರು. “ಅಲ್ಲ, ಯಾಕೆ ಓಡ್ತಿದೀರ? ಆಟೋಮ್ಯಾಟಿಕ್ ಅಂದಿದ್ರಲ್ಲ. ಅದೇ ನಿಲ್ಲಿಸ್ಕೊಳ್ಳೋಕೆ ಜಾಗ ನೋಡ್ತಿದೆ ಅಂದ್ಕೊಂಡೆ.”

ತಿರುವಿನಲ್ಲಿ ರಸ್ತೆ ಎಡಕ್ಕೆ ಹೊರಳಿತು. ಗಾಡಿಗೆ ಹೊರಳುವ ಮನಸ್ಸಾಗಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ನಯವಾಗಿ ಜಾರಿ, ಕೆಳಗಿನ ಮನೆಯವನ ಬಾತುಕೋಳಿ ಕೊಳಕ್ಕೆ ಹಿಂಭಾಗವನ್ನು ಇಳಿಸಿ, ಬುಳುಕ್ ಎಂದು ಕೂತಿತು. ಬಾತುಗಳು ಒಕ್ಕೊರಲಿನಿಂದ ಪ್ರತಿಭಟಿಸಿದವು.

ಬಾತುಕೋಳಿಯವನು ಉದ್ದನೆಯ ಕೋಲು ಹಿಡಿದು ಓಡಿ ಬಂದ. ಗಾಬರಿಯಾಗಿದ್ದರೂ ಮರ್ಯಾದಸ್ಥ. ನೇರವಾಗಿ ಮುಂದಿನ ಸೀಟಿನವಳನ್ನು ಉದ್ದೇಶಿಸಿ, “ಅಮ್ಮಾವ್ರೇ, ಪೆಟ್ಟಾಯ್ತಾ?” ಎಂದ.

ಉತ್ತರವಿಲ್ಲ.

“ಅಮ್ಮಾವ್ರೇ, ಕೊಳ ನಮ್ದೇ. ಏನೂ ಸಂಕೋಚ ಮಾಡ್ಕೋಬೇಡಿ.”

ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಮುಖ ಸಪ್ಪಗಾಯಿತು.

“ಆಕೆ ಮಾತಾಡಲ್ಲ. ನನ್ನ ಕೇಳಿ. ನನಗೇನೂ ಆಗಿಲ್ಲ, ಒಂದು ಚಪ್ಪಲಿ ಸಿಗ್ತಿಲ್ಲ ಅಷ್ಟೆ,” ಎಂದು ಹಿಂದಿನಿಂದ ಅತ್ತೆಯ ದನಿ ಬಂತು.

ಗಾಡಿಯ ಹಿಂದಿನ ಚಕ್ರಗಳು ಅರ್ಧ ನೀರಿನಲ್ಲಿ, ಮುಂದಿನವು ದಡದ ಕೆಸರಿನಲ್ಲಿ. ಎಂಜಿನ್ ಏನೂ ಆಗಿಲ್ಲವೆಂಬಂತೆ ಗುಂಯ್‌ಗುಡುತ್ತಲೇ ಇತ್ತು. ಹಿಂದೆಯೇ ಓಡಿಬಂದಿದ್ದ ಹೆಂಡತಿ, ಚಿಕ್ಕಮ್ಮ ನೋಡುತ್ತಿದ್ದ ಹಾಗೆ ಗಾಡಿ ಇನ್ನೊಂದು ಗೇಣು ಹಿಂದಕ್ಕೆ ಸರಿಯಿತು.

ಕನ್ನಡಕದಂಗಡಿಯವನು ಡ್ರೈವರ್ ಬಾಗಿಲಿನ ಕಡೆಗೆ ನುಗ್ಗಿದ. “ಸಾರ್, ಅಲ್ಲಿ ಕಾಲಿಡ್ಬೇಡಿ” ಎಂದು ಬಾತುಕೋಳಿಯವನು ಹೇಳುವುದಕ್ಕೂ ಅವನು ಇಡುವುದಕ್ಕೂ ಸರಿಹೋಯಿತು. ಎರಡೂ ಕಾಲು ಮೊಣಕಾಲಿನ ತನಕ ಹೂತುಹೋದವು. ಬಾಗಿಲು ಕೈಯಳತೆಯಾಚೆಗೆ ಹೊಳೆಯುತ್ತಿತ್ತು. ಬಾತೊಂದು ಬಂದು ಅವನನ್ನು ಒಂದು ಸುತ್ತು ಹಾಕಿ ಪರೀಕ್ಷಿಸಿ ಹೋಯಿತು.

“ಅತ್ತೆ,” ಎಂದ ಅವನು, ಆದಷ್ಟು ಸಮಾಧಾನದ ದನಿಯಲ್ಲಿ. “ನೀವು ಮುಂದಿನ ಸೀಟಿಗೆ ಬರಬೇಕು.”

ಅತ್ತೆ ಸಣ್ಣ ಆಳು. ಎರಡು ಸೀಟಿನ ನಡುವೆ ನುಸುಳಿ, ಗೊಂಬೆಯ ಭುಜದ ಮೇಲೆ ಕೈಯೂರಿ, ಡ್ರೈವರ್ ಸೀಟಿಗೆ ಇಳಿದರು. ಕೂತವರೇ ಕಿಟಕಿಯ ಗಾಜು ಇಳಿಸಿ, ಬೆಲ್ಟು ಹಾಕಿಕೊಂಡು, ಅಳಿಯನ ಕಡೆ ನೋಡಿದರು.

“ಹೂಂ, ಹೇಳಿ.”

“ಅದನ್ನ ಒತ್ತಿ ಹಿಡಿದು ಇದನ್ನ ಹಿಂಗೆ ಮಾಡಿ ಅದಕ್ಕೆ ಹಾಕಿ!”

“ಅಳಿಯಂದ್ರೇ, ಬರೀ ಅದು ಇದು ಅಂದ್ರೆ ಹೇಗೆ? ಹೆಸರು ಹಿಡಿದು ಹೇಳಿ. ಏನನ್ನು, ಯಾವುದರಿಂದ, ಎಲ್ಲಿಗೆ?”

ಗಾಡಿ ಮತ್ತೊಂದು ಗೇಣು ಸರಿಯಿತು.

“ಅಗಲವಾದ ಪೆಡಲಿನ ಮೇಲೆ ಬಲಗಾಲಿಟ್ಟು ಗಟ್ಟಿಯಾಗಿ ಒತ್ತಿ!” ಎಂದು ಅವನು ಕಿರುಚಿದ.

“ಹಾಗೆ ಹೇಳಿ ಮತ್ತೆ.” ಅತ್ತೆ ಒತ್ತಿದರು. ಗಾಡಿ ನಿಂತಿತು. ದಡದಲ್ಲಿ ಎಲ್ಲರೂ ಉಸಿರು ಬಿಟ್ಟರು.

“ಈಗ ಗೇರನ್ನ ಎನ್‌ಗೆ ತನ್ನಿ.”

“ಯಾವ ಎನ್? ಇಲ್ಲಿ ದೊಡ್ಡ ಕೋಲಿಗೂ ಎನ್ ಇದೆ, ಚಿಕ್ಕ ಕೋಲಿಗೂ ಎನ್ ಇದೆ. ಒಂದೇ ಗಾಡೀಲಿ ಎರಡು ಎನ್ ಇಟ್ಟೋನು ಯಾವ ಶಾಲೇಲಿ ಓದಿದ?”

“ದೊಡ್ಡ ಕೋಲನ್ನ, ಅತ್ತೆ. ದೊಡ್ಡದನ್ನ ಪಿ ಇಂದ ಎನ್‌ಗೆ. ಚಿಕ್ಕದು ಎಚ್‌ನಲ್ಲಿದೆ, ಅದನ್ನ ಆಮೇಲೆ...”

“ಚಿಕ್ಕದು ಎಚ್‌ನಲ್ಲಿಲ್ಲ.”

“ಇದೆ ಅತ್ತೆ, ನಾನೇ ಹಾಕಿದ್ದು.”

“ನೀವೇ ಹಾಕಿರಬಹುದು. ಅದು ಇರೋದು ಎನ್‌ನಲ್ಲಿ. ನಿಮ್ಮಂಗಡೀದೇ ಕನ್ನಡಕ ಹಾಕ್ಕೊಂಡು ನೋಡ್ತಿದೀನಿ.”

ಕೆಸರಿನಲ್ಲಿ ನಿಂತವನಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು: ಕಟ್ ಎಂದದ್ದು, ದೀಪ ಆರಿದ್ದು, ಗಾಡಿ ತೂಗಿದ್ದು. ಕೋಲು ನಡುದಾರಿಯಲ್ಲೇ ನಿಂತುಬಿಟ್ಟಿತ್ತು. ಅವನು ಹಾಡಿಹೊಗಳಿದ ವಿಡಿಯೋಗಳಲ್ಲೇ ಯಾರೋ ಗಡ್ಡದವನು ಬೆರಳೆತ್ತಿ ಎಚ್ಚರಿಸಲು ಶುರುಮಾಡಿದ್ದೂ ನೆನಪಾಯಿತು. ಆ ಭಾಗ ಬಂದಾಗ ಅವನು ಬಾಯಿ ಮುಕ್ಕಳಿಸಲು ಎದ್ದು ಹೋಗಿದ್ದ.

“ಎನ್ ಅಂದ್ರೆ ಏನ್ರೀ?” ಎಂದಳು ಹೆಂಡತಿ ದಡದಿಂದ.

“ಎನ್ ಅಂದ್ರೆ... ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ ಕಣೆ! ಚಿಕ್ಕ ಗೇರು ಎನ್‌ನಲ್ಲಿದ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ದೊಡ್ಡದನ್ನ ಪಿಗೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಗಾಡಿ ಉರುಳುತ್ತೆ.”

“ಊರವರಿಗೆಲ್ಲ ಗೋಡೆ ಮೇಲಿನ ಅಕ್ಷರ ಓದಿಸ್ತೀರ. ಪಕ್ಕದಲ್ಲಿರೋ ಒಂದಕ್ಷರ ನೋಡ್ಲಿಲ್ವಾ?”

ಚಿಕ್ಕಮ್ಮ ನಗು ತಡೆಯಲಾರದೆ ಬೆನ್ನು ತಿರುಗಿಸಿದಳು. ಹೆಂಡತಿ ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡಳು.

“ನಗೋದು ಆಮೇಲೆ,” ಎಂದರು ಅತ್ತೆ. “ನನ್ನ ಕಾಲು ನೋಯ್ತಿದೆ. ಮುಂದಿನ ವಾಕ್ಯ?”

ಹೂತ ಕಾಲಿನಲ್ಲಿ ನೆಟ್ಟಗೆ ನಿಂತು ಅವನು ಜೀವಮಾನದಲ್ಲೇ ಮೊದಲ ಬಾರಿಗೆ ಪೂರ್ಣ ವಾಕ್ಯಗಳಲ್ಲಿ ಮಾತಾಡಿದ. ಬ್ರೇಕಿನ ಮೇಲಿನ ಕಾಲನ್ನು ತೆಗೆಯಬಾರದು. ದೊಡ್ಡ ಕೋಲನ್ನು ‘ಪಿ’ಯಿಂದ ‘ಎನ್’ಗೆ ತರಬೇಕು. ಚಿಕ್ಕ ಕೋಲನ್ನು ಅದರ ‘ಎನ್’ನಿಂದ ಅದರ ‘ಎಲ್’ಗೆ ಎಳೆಯಬೇಕು, ಅರ್ಧಕ್ಕೆ ಬಿಡಬಾರದು. ಅತ್ತೆ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತ ಮಾಡಿದರು. ಚಿಕ್ಕ ಕೋಲು ಅವರ ಬಳಿಯೂ ಹಟ ಮಾಡಿತು. ಅವರು ತುಂಟ ಹುಡುಗನ ಕಿವಿ ಹಿಡಿಯುವಂತೆ ಹಿಡಿದು ಒಂದೇ ಜಗ್ಗು ಜಗ್ಗಿದರು. ಕಟಾರ್! ಹಸಿರು ದೀಪ ಹತ್ತಿತು.

“ಈಗ ದೊಡ್ಡ ಕೋಲನ್ನೂ ಎಲ್‌ಗೆ ತನ್ನಿ. ತಂದ್ರಾ? ಈಗ ಬ್ರೇಕಿನಿಂದ ಕಾಲನ್ನ ಮೆಲ್ಲಗೆ ತೆಗೀರಿ. ಬೇರೆ ಪೆಡಲನ್ನ ಮುಟ್ಟಲೇಬೇಡಿ. ಅದೇ ಹೋಗುತ್ತೆ.”

“ಅದೇ ಹೋಗುತ್ತೆ ಅಂತ ನಾನೂ ಮೊದಲೇ ಹೇಳಿದ್ನಲ್ಲ,” ಎಂದು ಅತ್ತೆ ಕಾಲೆತ್ತಿದರು.

ಗಾಡಿ ಒಮ್ಮೆ ಮೈಮುರಿಯಿತು. ನಾಲ್ಕೂ ಚಕ್ರ ನಿಧಾನವಾಗಿ, ಬಹಳ ನಿಧಾನವಾಗಿ, ಕೆಸರನ್ನು ಕಚ್ಚಿದವು. ಎಲ್ಲೂ ಸುಮ್ಮನೆ ಗಿರಗಿರ ತಿರುಗಲಿಲ್ಲ, ಕೆಸರು ಎರಚಲಿಲ್ಲ. ನೀರಿನಿಂದ ಹಿಂಭಾಗ ಮೇಲೆದ್ದಿತು, ಬಂಪರಿನಿಂದ ಪಾಚಿ ತೊಟ್ಟಿಕ್ಕಿತು, ಗಾಡಿ ದಡ ಹತ್ತಿತು. ಬಾತುಕೋಳಿಯವನು ಕೋಲು ಎತ್ತಿ ಜಯಕಾರ ಹಾಕಿದ.

“ಬಲಕ್ಕೆ! ಬಲಕ್ಕೆ ತಿರುಗಿಸಿ ಅತ್ತೆ!”

“ಯಾರ ಬಲ? ನೀವು ನನ್ನ ಕಡೆ ಮುಖ ಮಾಡಿ ನಿಂತಿದೀರ!”

ಹೇಗೋ ರಸ್ತೆ ಸಿಕ್ಕಿತು. ಗಾಡಿ ಮತ್ತೆ ಗುಡ್ಡ ಹತ್ತತೊಡಗಿತು. ಬಾತುಕೋಳಿಯವನು ಕೋಲು ಚಾಚಿ ಕನ್ನಡಕದಂಗಡಿಯವನನ್ನು ಕೆಸರಿನಿಂದ ಕಿತ್ತ. ಕಾಲೆರಡೂ ಬಂದವು, ಬೂಟು ಒಂದೇ ಬಂತು. ಅವನು ಕುಂಟುತ್ತ ಓಡಿ ಗಾಡಿಯನ್ನು ಹಿಡಿದ. ಹಿಡಿಯುವುದೇನೂ ಕಷ್ಟವಿರಲಿಲ್ಲ.

“ಸಾಕು ಅತ್ತೆ! ಬ್ರೇಕ್ ಒತ್ತಿ ನಿಲ್ಲಿಸಿ!”

“ನಿಲ್ಲಿಸಲ್ಲ. ನಿಲ್ಲಿಸಿದ್ರೆ ಮತ್ತೆ ಹಿಂದಕ್ಕೆ ಹೋಗುತ್ತೆ.”

“ಈಗ ಹೋಗಲ್ಲ, ಈಗ ಎಲ್‌ನಲ್ಲಿದೆ!”

“ಆಗ ಎಚ್‌ನಲ್ಲಿದೆ ಅಂದಿದ್ರಿ.”

ಹೀಗಾಗಿ ಎಲ್ಲರೂ ಗಾಡಿಯ ಪಕ್ಕ ನಡೆಯತೊಡಗಿದರು. ಒಂದು ಕಿಟಕಿಯ ಬಳಿ ಒಂಟಿ ಬೂಟಿನ ಅಳಿಯ, ಅವನ ಹಿಂದೆ ಕಣ್ಣೊರೆಸಿಕೊಳ್ಳುತ್ತ ಹೆಂಡತಿ. ಇನ್ನೊಂದು ಕಿಟಕಿಯ ಬಳಿ ಬಾತುಕೋಳಿಯವನು, ನೀಲಿ ಕೋಟಿನಾಕೆಗೆ ಇನ್ನೂ ಏನೋ ಸಮಾಧಾನ ಹೇಳುತ್ತ. ಹಿಂದೆ, ಕೋಲು ಹೋದ ಕಡೆ ಹೋಗುವ ಅಭ್ಯಾಸದ ಬಾತುಗಳು ಸಾಲಾಗಿ. ಚಿಕ್ಕಮ್ಮ ಅಡ್ಡದಾರಿಯಲ್ಲಿ ಮನೆಗೆ ಹೋಗಿ ಟೀ ಲೋಟ ತಂದು ಕಿಟಕಿಯಲ್ಲಿ ಕೊಟ್ಟಳು. ಅತ್ತೆ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಟೀ ಕುಡಿದರು.

“ಸಕ್ಕರೆ ಕಮ್ಮಿ ಕಣೇ.”

“ಅಕ್ಕ, ಗೇಟು ಬಂತು, ತಿರುಗಿಸು!”

“ನಿನ್ನ ಗೇಟು ಸಣ್ಣದು. ಮುಂದೆ ಏನಿದೆ?”

“ನೀರಿನ ಟ್ಯಾಂಕಿದೆ. ಅದರಾಚೆ ಬಯಲು, ಅಷ್ಟೆ.”

“ಹಾಗಾದ್ರೆ ಅಲ್ಲಿಗೇ ಹೋಗೋಣ.” ಖಾಲಿ ಲೋಟ ತಂಗಿಯ ಕೈಗೆ ಕೊಟ್ಟು, ಗೇಟು ದಾಟಿ, ಅತ್ತೆ ಮುಂದೆ ಸಾಗಿದರು.

ನೆತ್ತಿಯ ಹುಲ್ಲುಬಯಲಿನಲ್ಲಿ ಗಾಡಿ ದೊಡ್ಡದೊಂದು ಸುತ್ತು ಹಾಕಿತು. ಸುತ್ತು ಮುಗಿದ ಮೇಲೆ ಅತ್ತೆಗೆ ಇಷ್ಟವಾಗಿ ಇನ್ನೊಂದು ಹಾಕಿದರು. ಬಾತುಗಳಿಗೆ ಸುಸ್ತಾಗಿ ನಡುವೆ ಕೂತವು. ಅಳಿಯನ ಬಾಯಲ್ಲಿ ಅಹಂಕಾರದ ಪಸೆಯೂ ಉಳಿದಿರಲಿಲ್ಲ. ಕಿಟಕಿಗೆ ಜೋತುಬಿದ್ದು ಬೇಡಿಕೊಂಡ.

“ಅತ್ತೆ, ತಪ್ಪಾಯ್ತು. ಚಿಕ್ಕದನ್ನ ಎನ್‌ನಲ್ಲಿ ಬಿಟ್ಟಿದ್ದು ನಂದೇ ತಪ್ಪು, ಹ್ಯಾಂಡ್‌ಬ್ರೇಕ್ ಹಾಕದೇ ಇದ್ದದ್ದೂ ನಂದೇ ತಪ್ಪು. ದಯವಿಟ್ಟು ಬ್ರೇಕ್ ಒತ್ತಿ, ದೊಡ್ಡ ಕೋಲನ್ನ ಪಿಗೆ ತಳ್ಳಿ, ನಡುವೆ ಇರೋ ಹ್ಯಾಂಡ್‌ಬ್ರೇಕನ್ನ ಮೇಲಕ್ಕೆ ಎಳೀರಿ.”

ಅತ್ತೆ ಅವನನ್ನು ಒಂದು ಕ್ಷಣ ನೋಡಿದರು. “ವಾಕ್ಯ ಚೆನ್ನಾಗಿದೆ,” ಎಂದು ನಿಲ್ಲಿಸಿದರು.

ಗಾಡಿ ಕದಲಲಿಲ್ಲ. ಅವನು ಹಿಂದೆ ಹೋಗಿ ತಳ್ಳಿ ನೋಡಿದ, ಮುಂದೆ ಬಂದು ಎಳೆದು ನೋಡಿದ, ಬಗ್ಗಿ ಎರಡು ಕೋಲಿನ ಅಕ್ಷರಗಳನ್ನೂ ಮೂಗು ತಾಗುವಷ್ಟು ಹತ್ತಿರದಿಂದ ಓದಿದ. ಆಮೇಲೇ ಅತ್ತೆಯನ್ನು ಇಳಿಸಿದ್ದು.

ಗೊಂಬೆಯನ್ನು ಇಳಿಸುವಾಗ ಇನ್ನೊಂದು ಗಲಾಟೆ. ಬೆಲ್ಟು ಬಿಚ್ಚಿ ಎತ್ತಿದಾಗ ನೀಲಿ ಕೋಟಿನ ಕೆಳಗೆ ಕಾಲುಗಳಿಲ್ಲದ್ದನ್ನು ನೋಡಿ ಬಾತುಕೋಳಿಯವನು ಹಾ ಎಂದು ಹುಲ್ಲಿನ ಮೇಲೆ ಕೂತುಬಿಟ್ಟ. ಚಿಕ್ಕಮ್ಮ ಓಡಿಬಂದು ಗೊಂಬೆಯ ತಲೆ ಕುಟ್ಟಿ ಟಕಟಕ ಸದ್ದು ಮಾಡಿ ತೋರಿಸಿದಳು. ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು.

“ಹಾಗಾದ್ರೆ ಅಮ್ಮಾವ್ರಿಗೆ ನನ್ನ ಮೇಲೆ ಕೋಪ ಇರಲಿಲ್ಲ ಅನ್ನಿ,” ಎಂದ ಕೊನೆಗೆ, ದೊಡ್ಡ ಭಾರ ಇಳಿದವನಂತೆ. ಕಾಲುಗಳನ್ನು ತಾನೇ ಹೊತ್ತು ಮನೆಯವರೆಗೆ ತಂದುಕೊಟ್ಟ.

ಊಟ, ಹರಟೆ ಎಲ್ಲ ಮುಗಿದು ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೆಳಗಿಳಿಯುವ ದಾರಿ ಹತ್ತಿದ್ದಕ್ಕಿಂತ ಕಡಿದಾಗಿ ಕಂಡಿತು. ಗಾಡಿಯ ಬಳಿ ನಿಂತು ಹೆಂಡತಿ, “ಯಾರು ಓಡಿಸ್ತೀರಿ?” ಎಂದಳು. ಎಲ್ಲರ ಕಣ್ಣೂ ಅತ್ತೆಯ ಕಡೆ ಹೋಯಿತು.

“ಅಳಿಯಂದ್ರೇ ಓಡಿಸ್ಲಿ. ಅವರೂ ಕಲೀಬೇಕಲ್ಲ,” ಎಂದು ಅತ್ತೆ ಮುಂದಿನ ಸೀಟಿನಲ್ಲಿ ಗೊಂಬೆಯ ಜಾಗದಲ್ಲಿ ಕೂತರು.

ಅವನು ಎರಡೂ ‘ಎಲ್’ಗಳನ್ನು ಬಾಯಿಬಿಟ್ಟು ಓದಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬರಿಗಾಲನ್ನು ಬ್ರೇಕಿನಿಂದ ಎತ್ತಿದ. ಗಾಡಿ ಮೂತಿ ತಗ್ಗಿಸಿ ಇಳಿಜಾರಿಗೆ ಬಿತ್ತು. ಕಾಲು ಬ್ರೇಕಿನ ಮೇಲೆ ಹಾರುವುದರಲ್ಲಿತ್ತು. ಅಷ್ಟರಲ್ಲಿ ಎಂಜಿನ್ ಗುರ್ ಎಂದು ಗಾಡಿಯನ್ನು ಹಿಂದಿನಿಂದ ಹಿಡಿದುಕೊಂಡಿತು, ಅಂಬೆಗಾಲಿಡುವ ಮಗುವಿನ ಅಂಗಿ ಹಿಡಿದು ನಡೆಸುವ ಅಜ್ಜಿಯ ಹಾಗೆ. ಎಷ್ಟು ಕಡಿದಾದರೂ ಅದೇ ನಡಿಗೆ, ಅದೇ ಗುರ್. ಅವನ ಪಾದ ಗಾಳಿಯಲ್ಲಿ ಸುಮ್ಮನೆ ನಿಂತಿತ್ತು. ವಿಡಿಯೋದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದ. ಹೊಟ್ಟೆಯೊಳಗೆ ಹೀಗೆ ಹಗುರಾಗುತ್ತದೆಂದು ಯಾರೂ ಹೇಳಿರಲಿಲ್ಲ.

“ರೀ, ಚೆನ್ನಾಗಿದೆ ಕಣ್ರೀ ಇದು,” ಎಂದಳು ಹಿಂದಿನಿಂದ ಹೆಂಡತಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ.

ಅವನು ಏನಾದರೂ ಹೇಳಬೇಕೆಂದುಕೊಂಡ. ಎಂಜಿನ್ ಬ್ರೇಕಿಂಗಿನ ವಿವರಣೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಣ್ಣು ರಸ್ತೆಯ ಮೇಲಿತ್ತು, ಬಾಯಿ ಹಿಗ್ಗಿ ಕಿವಿ ಮುಟ್ಟಿತ್ತು, ಅಂಥ ಬಾಯಲ್ಲಿ ಪಾಠ ಹೇಳಲು ಬರುವುದಿಲ್ಲ.

ಕೊಳದ ತಿರುವು ದಾಟಿತು. ಅತ್ತೆ ಕಿಟಕಿಯಿಂದ ಕೈ ಹೊರಗಿಟ್ಟು ಗಾಳಿಯನ್ನು ಸವರುತ್ತಿದ್ದರು. ದೂರದ ಇನ್ನೊಂದು ಗುಡ್ಡ, ಇದಕ್ಕಿಂತ ಎತ್ತರದ್ದು, ಸಂಜೆಯ ಬೆಳಕಿನಲ್ಲಿ ಹೊಳೆಯುತ್ತಿತ್ತು.

“ಅಳಿಯಂದ್ರೇ,” ಎಂದರು, “ಅದರ ಮೇಲೆ ನಮ್ಮೋರು ಯಾರಾದ್ರೂ ಇದಾರಾ?”